ರಕ್ತದ ಸಾಕ್ಷಿ

ಮೊನ್ನೆ ಭಾನುವಾರ ಡೊಂಬಿವಲಿಯ ನಮ್ಮ ಮನೆಯ ಕಪಾಟು ಸ್ವಚ್ಛ ಮಾಡುತ್ತಿದ್ದಾಗ ಒಂದು ಹಸಿರು ಫೈಲು ಕೈಗೆ ಸಿಕ್ಕಿತು. ನನ್ನ ಭಾವನ ಫೈಲು. ಭಾವ ತೀರಿಕೊಂಡು ಹತ್ತು ವರ್ಷಕ್ಕೂ ಮೇಲಾಯಿತು. ಅಕ್ಕ ಅದನ್ನು ಊರಿಗೆ ಒಯ್ಯಲಿಲ್ಲ, ನನಗೆ ಎಸೆಯಲು ಮನಸ್ಸು ಬರಲಿಲ್ಲ. ಒಳಗೆ ರಕ್ತ ಪರೀಕ್ಷೆಯ ಚೀಟಿಗಳು, ತಾರೀಖಿನ ಪ್ರಕಾರ ಒಂದರ ಹಿಂದೊಂದು. ಪ್ರತಿ ಚೀಟಿಯಲ್ಲೂ ಒಂದು ಸಂಖ್ಯೆಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಸುತ್ತು ಹಾಕಿದವನು ನಾನೇ.

ಮುಂಬಯಿಯಲ್ಲಿ ಬಹಳ ವರ್ಷದಿಂದ ಇರುವ ಕನ್ನಡಿಗರಿಗೆ ಇದೇನೂ ಹೊಸ ಕತೆಯಲ್ಲ ಬಿಡಿ. ಊರಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಮೊದಲ ಫೋನು ಬರುವುದು ನಮಗೆ. "ಟಾಟಾ ಆಸ್ಪತ್ರೆ ನಿಮ್ಮನೆಯಿಂದ ಎಷ್ಟು ದೂರ ಆಗ್ತದೆ?" ಎಂಬ ಪ್ರಶ್ನೆಯಲ್ಲೇ ಉಳಿದದ್ದೆಲ್ಲ ಇರುತ್ತದೆ. ನಮ್ಮ ಮನೆಗೂ ಹಾಗೆ ಬಂದು ಹೋದವರು ಎಷ್ಟೋ ಮಂದಿ. ಆದರೆ 2009ರ ಮಾರ್ಚಿನಲ್ಲಿ ಬಂದದ್ದು ಸ್ವಂತ ಅಕ್ಕ-ಭಾವ. ಶಿರಸಿ ಕಡೆಯ ಅಡಿಕೆ ತೋಟದವರು. ಭಾವನಿಗೆ ಆಗ 58 ವರ್ಷ. ಎರಡು ವರ್ಷದಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು. ಊರ ಕಡೆಯ ವೈದ್ಯರೊಬ್ಬರು ಮೂಲವ್ಯಾಧಿ ಎಂದು ಮುಲಾಮು ಕೊಟ್ಟಿದ್ದರು. ಸುಸ್ತು ಎಂದಾಗ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ 9 ಇದೆ ಎಂದು ಕಬ್ಬಿಣದ ಮಾತ್ರೆ ಬರೆದಿದ್ದರು. ಇಲ್ಲಿ ಬಂದ ಮೇಲೆ ಒಬ್ಬ ವೈದ್ಯರು ಕೈಗವಸು ಹಾಕಿಕೊಂಡು ಬೆರಳಿನಿಂದ ಪರೀಕ್ಷೆ ಮಾಡಿದರು, ಅಷ್ಟೇ. ಒಂದೇ ನಿಮಿಷದಲ್ಲಿ ಅವರ ಮುಖ ಬದಲಾಯಿತು. ಗುದನಾಳದ ಕ್ಯಾನ್ಸರ್.

ಆ ಮೇಲಿನ ನಾಲ್ಕೂವರೆ ವರ್ಷ ನಮ್ಮನ್ನು ಆಳಿದ್ದು ಆ ಕೆಂಪು ಸುತ್ತಿನ ಸಂಖ್ಯೆಗಳು. ಸಿ.ಇ.ಎ. ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಬಿಳಿ ರಕ್ತಕಣ ಎಷ್ಟು. ಅಕ್ಕ ಊರಿಂದ ಫೋನು ಮಾಡಿದರೆ ಕುಶಲ ಕೇಳುವ ಮೊದಲೇ "ನಂಬರ್ ಎಷ್ಟು ಬಂತು ತಮ್ಮಾ?" ಎನ್ನುತ್ತಿದ್ದಳು. ಈ ನಂಬರುಗಳು ಎಲ್ಲಿಂದ ಬಂದವು, ಅವಕ್ಕೆ ನಿಜವಾಗಿ ಏನು ಹೇಳಲು ಬರುತ್ತದೆ ಎಂದು ನಾನು ಓದಲು ಶುರುಮಾಡಿದ್ದು ಎಲ್ಲ ಮುಗಿದ ಮೇಲೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಫೈಲು ಇರಬಹುದು.

ಈ ಕಾಯಿಲೆಯ ಚರಿತ್ರೆಯಲ್ಲಿ ನಾಚಿಕೆಗೆ ದೊಡ್ಡ ಪಾತ್ರವಿದೆ. ಲಂಡನ್ನಿನಲ್ಲಿ ಫ್ರೆಡರಿಕ್ ಸಾಮನ್ ಎಂಬ ಶಸ್ತ್ರವೈದ್ಯ 1835ರಲ್ಲಿ ಗುದನಾಳದ ಕಾಯಿಲೆಯ ಬಡವರಿಗಾಗಿಯೇ ಏಳು ಹಾಸಿಗೆಗಳ ಒಂದು ಪುಟ್ಟ ಆಸ್ಪತ್ರೆ ತೆರೆದ. ಮುಂದೆ ಅದೇ ಪ್ರಸಿದ್ಧವಾದ ಸೇಂಟ್ ಮಾರ್ಕ್ಸ್ ಆಸ್ಪತ್ರೆ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1841ರಲ್ಲಿ ಭಗಂದರಕ್ಕೆ ಇದೇ ಸಾಮನ್ ಕೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಅರಿವಳಿಕೆ ಬರಲು ಇನ್ನೂ ಐದು ವರ್ಷ ಇತ್ತು! ಅಂಥ ಕಾಲದಲ್ಲಿ ಕ್ಯಾನ್ಸರ್ ಎಂದರೆ ಮಾಡುವುದಕ್ಕೆ ಏನೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಒಂದು ಪ್ರಾಮಾಣಿಕ ಲೆಕ್ಕ ಕೊಟ್ಟ. ಕೆಳಗಿನಿಂದ ಮಾತ್ರ ಗಡ್ಡೆ ಕತ್ತರಿಸಿ ತೆಗೆದ 57 ರೋಗಿಗಳಲ್ಲಿ 54 ಮಂದಿಗೆ ಕಾಯಿಲೆ ಮರುಕಳಿಸಿತ್ತು. ತನ್ನದೇ ಸೋಲನ್ನು ಹೀಗೆ ಎಣಿಸಿ ಬರೆಯುವುದು ಸುಲಭವಲ್ಲ. ಕ್ಯಾನ್ಸರ್ ಮೇಲ್ಮುಖವಾಗಿಯೂ ಹರಡುತ್ತದೆ ಎಂದು ಅರಿತ ಅವನು ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಒಟ್ಟಿಗೆ ಮಾಡುವ ಶಸ್ತ್ರಚಿಕಿತ್ಸೆಯನ್ನು 1908ರಲ್ಲಿ ಪ್ರಕಟಿಸಿದ. ಇದಾದ ಮೇಲೆ ಮಲ ಹೊರಹೋಗಲು ಹೊಟ್ಟೆಯ ಮೇಲೆ ದಾರಿ, ಅದಕ್ಕೊಂದು ಚೀಲ. ನೂರು ವರ್ಷದ ನಂತರ ನನ್ನ ಭಾವನಿಗೆ ಆದದ್ದೂ ಬಹುಮಟ್ಟಿಗೆ ಅದೇ. 1932ರಲ್ಲಿ ಸೇಂಟ್ ಮಾರ್ಕ್ಸಿನ ಕತ್ಬರ್ಟ್ ಡ್ಯೂಕ್ಸ್ ಕಾಯಿಲೆಯನ್ನು ಎ, ಬಿ, ಸಿ ಎಂದು ಮೂರು ಮೆಟ್ಟಿಲಾಗಿ ವಿಂಗಡಿಸಿದ. ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದ್ದರೆ ಬಿ, ಹಾಲ್ರಸ ಗ್ರಂಥಿಗೆ ಹೋಗಿದ್ದರೆ ಸಿ. ಯಾರು ಬದುಕುತ್ತಾರೆ ಎಂದು ಊಹಿಸಲು ಸಿಕ್ಕ ಮೊದಲ ಗಟ್ಟಿ ಆಧಾರ ಇದು. ಒಂದೇ ತೊಂದರೆ. ಇದು ಗೊತ್ತಾಗುವುದು ಗಡ್ಡೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ ಮೇಲೆ. ಮೊದಲೇ ತಿಳಿಯುವಂತಿದ್ದರೆ? ರಕ್ತದ ಕಡೆಗೆ ಎಲ್ಲರ ಕಣ್ಣು ಹೊರಳಲು ಈ ಆಸೆಯೂ ಒಂದು ಕಾರಣ.

ಈಗ ವಿಕಿರಣದ ಮಾತು. ನಮ್ಮೂರ ಕಡೆ ಅದನ್ನು "ಕರೆಂಟ್ ಕೊಡುವುದು" ಎನ್ನುತ್ತಾರಲ್ಲ, ಅದು. ರಾಂಟ್ಜೆನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದ, ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ. ಕೆಲವೇ ವರ್ಷಗಳಲ್ಲಿ ಎರಡೂ ಕ್ಯಾನ್ಸರ್ ಚಿಕಿತ್ಸೆಗೆ ಬಂದವು. ಆದರೆ ಗುದನಾಳ ದೇಹದ ಆಳದಲ್ಲಿ, ಸೊಂಟದ ಮೂಳೆಗಳ ಬಟ್ಟಲಿನೊಳಗಿದೆ. ಆಗಿನ ದುರ್ಬಲ ಕಿರಣ ಅಲ್ಲಿಗೆ ತಲುಪುವಷ್ಟರಲ್ಲಿ ಚರ್ಮ ಸುಟ್ಟುಹೋಗುತ್ತಿತ್ತು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಂದ ಮೇಲೆ ಆಳಕ್ಕೆ ಇಳಿಯುವ ಕಿರಣ ಸಿಕ್ಕಿತು.

ಇಲ್ಲಿ ನಮ್ಮ ಮುಂಬಯಿಯದೂ ಒಂದು ಎಳೆ ಇದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು, ಮರುವರ್ಷ ದೊರಾಬ್ಜಿಯವರೂ ಹೋದರು. ಅವರ ಟ್ರಸ್ಟು ಪರೇಲಿನಲ್ಲಿ ಕಟ್ಟಿಸಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು. 1962ರಲ್ಲಿ ಅದು ಕೇಂದ್ರದ ಪರಮಾಣು ಶಕ್ತಿ ಇಲಾಖೆಗೆ ಸೇರಿತು. ಆಸ್ಪತ್ರೆಗೂ ಪರಮಾಣುವಿಗೂ ಏನು ಸಂಬಂಧ ಎಂದು ಸಾಲಿನಲ್ಲಿ ನಿಂತಾಗ ಭಾವ ಕೇಳಿದ್ದ. ಸಂಬಂಧ ಇದೆ. ಟ್ರಾಂಬೆಯ ಭಾಭಾ ಪರಮಾಣು ಕೇಂದ್ರ ನಮ್ಮಲ್ಲೇ ತಯಾರಿಸಿದ 'ಭಾಭಾಟ್ರಾನ್' ಎಂಬ ಕೋಬಾಲ್ಟ್ ಯಂತ್ರ 2005ರಲ್ಲಿ ನವಿ ಮುಂಬಯಿಯ ಖಾರಘರದಲ್ಲಿರುವ ಟಾಟಾ ಸ್ಮಾರಕದ ಕೇಂದ್ರದಲ್ಲಿಯೇ ಮೊದಲು ಕೆಲಸಕ್ಕೆ ನಿಂತಿತು.

ಗುದನಾಳದ ಕ್ಯಾನ್ಸರಿಗೆ ವಿಕಿರಣ ನಿಜಕ್ಕೂ ಉಪಕಾರ ಮಾಡುತ್ತದೆಯೇ ಎಂಬುದಕ್ಕೆ ಗಟ್ಟಿ ಉತ್ತರ ಬಂದದ್ದು ಸ್ವೀಡನ್ನಿನಿಂದ, 1997ರಲ್ಲಿ. 1168 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೇರ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮೊದಲು ಐದು ದಿನ ವಿಕಿರಣ. ಸೊಂಟದ ಭಾಗದಲ್ಲಿ ಕಾಯಿಲೆ ಮರುಕಳಿಸಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 27 ಮಂದಿಗೆ, ಎರಡನೆಯದರಲ್ಲಿ 11 ಮಂದಿಗೆ. ಐದು ವರ್ಷ ಬದುಕಿದವರು 48ರಿಂದ 58ಕ್ಕೆ ಏರಿದರು. ಅಷ್ಟರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆ ಹರಿಯದಂತೆ ಒಟ್ಟಾಗಿ ತೆಗೆಯುವ ಸೂಕ್ಷ್ಮ ವಿಧಾನವನ್ನು 1982ರಿಂದ ಹೇಳಿಕೊಡುತ್ತಿದ್ದ. ಅಷ್ಟು ಚೆನ್ನಾಗಿ ಶಸ್ತ್ರಚಿಕಿತ್ಸೆ ಮಾಡಿದರೂ ವಿಕಿರಣ ಬೇಕೇ? ಬೇಕು ಎಂದರು ಡಚ್ಚರು. 2001ರ ಅವರ ವರದಿಯಲ್ಲಿ ಎರಡು ವರ್ಷದ ಮರುಕಳಿಕೆ ವಿಕಿರಣ ಕೊಟ್ಟವರಲ್ಲಿ ನೂರಕ್ಕೆ 2.4, ಕೊಡದವರಲ್ಲಿ 8.2. ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವುದೋ ಆಮೇಲೋ? ಮೊದಲೇ ಕೊಡುವುದು ಲೇಸು ಎಂದು 2004ರಲ್ಲಿ ಜರ್ಮನರು ತೋರಿಸಿಕೊಟ್ಟರು, ಅಲ್ಲಿ 13ರ ಬದಲು 6.

ಭಾವನಿಗೆ ಐದು ವಾರ ವಿಕಿರಣ, ಜೊತೆಗೆ ಮಾತ್ರೆ, ಆಮೇಲೆ ಶಸ್ತ್ರಚಿಕಿತ್ಸೆ ಎಂದು ನಿಗದಿಯಾದದ್ದರ ಹಿಂದೆ ಇಷ್ಟು ದೇಶಗಳ ಇಷ್ಟು ಸಾವಿರ ರೋಗಿಗಳು ಇದ್ದರು ಎಂದು ಆಗ ನನಗೆ ಗೊತ್ತಿರಲಿಲ್ಲ.

ಸರಿ, ವಿಕಿರಣ ಉಪಕಾರ ಮಾಡುತ್ತದೆ. ಆದರೆ ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ಒಬ್ಬರ ಗಡ್ಡೆ ಮಂಜಿನಂತೆ ಕರಗುತ್ತದೆ, ಇನ್ನೊಬ್ಬರದು ಕದಲುವುದೇ ಇಲ್ಲ. ಯಾಕೆ? ಮೊದಲೇ ತಿಳಿಯಬಹುದೇ? ಇಲ್ಲಿ ಮೂರು ಸಾಕ್ಷಿಗಳನ್ನು ಕಟಕಟೆಗೆ ಕರೆಯಲಾಗಿದೆ. ಮೂರೂ ರಕ್ತದಿಂದಲೇ ಬಂದವು.

ಮೊದಲ ಸಾಕ್ಷಿ ಹಿಮೋಗ್ಲೋಬಿನ್. 1909ರ ಹೊತ್ತಿಗೆ ವಿಯೆನ್ನಾದ ಗಾಟ್‌ವಾಲ್ಡ್ ಶ್ವಾರ್ಟ್ಸ್ ಒಂದು ವಿಚಿತ್ರ ಗಮನಿಸಿದ. ರೇಡಿಯಂ ಬಿಲ್ಲೆಯನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಚರ್ಮ ಕಡಿಮೆ ಸುಡುತ್ತದೆ. ಒತ್ತಿದಾಗ ಅಲ್ಲಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದಲ್ಲ! 1953ರಲ್ಲಿ ಇಂಗ್ಲೆಂಡಿನ ಎಲ್.ಎಚ್. ಗ್ರೇ ಮತ್ತು ಸಂಗಡಿಗರು ಇದರ ಗುಟ್ಟು ಬಿಡಿಸಿದರು. ವಿಕಿರಣ ಜೀವಕೋಶದ ಡಿ.ಎನ್.ಎ. ಎಳೆಯನ್ನು ಮುರಿಯುವಾಗ ಪಕ್ಕದಲ್ಲಿ ಆಮ್ಲಜನಕ ಇದ್ದರೆ ಆ ಮುರಿತ ಗಟ್ಟಿಯಾಗಿ ಕೂರುತ್ತದೆ, ಇಲ್ಲದಿದ್ದರೆ ಎಷ್ಟೋ ಭಾಗ ರಿಪೇರಿಯಾಗಿಬಿಡುತ್ತದೆ. ಆಮ್ಲಜನಕವೇ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. ಆಮ್ಲಜನಕ ಹೊತ್ತು ತರುವುದು ಹಿಮೋಗ್ಲೋಬಿನ್. ಹಾಗಾದರೆ ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ವಿಕಿರಣ ಕಡಿಮೆ ತಾಗಬೇಕಲ್ಲ? ಹೌದು, ಗುದನಾಳದ ಕ್ಯಾನ್ಸರಿನಲ್ಲೂ ಹಲವು ವರದಿಗಳು ಹಾಗೇ ಹೇಳಿದವು. ರಕ್ತಹೀನತೆ ಇದ್ದವರ ಗಡ್ಡೆ ಅಷ್ಟಾಗಿ ಕುಗ್ಗುವುದಿಲ್ಲ ಎಂದು.

ಹಾಗಾದರೆ ಹಿಮೋಗ್ಲೋಬಿನ್ ಏರಿಸಿಬಿಟ್ಟರಾಯಿತು! ನಾನೂ ಹಾಗೇ ಯೋಚಿಸಿ ಭಾವನಿಗೆ ದಿನಾ ಬೀಟ್‌ರೂಟ್, ಖರ್ಜೂರ ತಿನ್ನಿಸಿದ್ದೆ. ಜರ್ಮನಿಯ ವೈದ್ಯರು ಇದನ್ನೇ ಶಾಸ್ತ್ರೀಯವಾಗಿ ಮಾಡಿ ನೋಡಿದರು. ತಲೆ-ಕುತ್ತಿಗೆಯ ಕ್ಯಾನ್ಸರಿನ 351 ರೋಗಿಗಳು, ಎಲ್ಲರಿಗೂ ರಕ್ತಹೀನತೆ. ಒಂದು ಗುಂಪಿಗೆ ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಚುಚ್ಚುಮದ್ದು, ಇನ್ನೊಂದಕ್ಕೆ ಹುಸಿಮದ್ದು. ಫಲಿತಾಂಶ 2003ರಲ್ಲಿ ಬಂತು. ಚುಚ್ಚುಮದ್ದು ಪಡೆದವರ ಹಿಮೋಗ್ಲೋಬಿನ್ ಸೊಗಸಾಗಿ ಏರಿತ್ತು, ಕ್ಯಾನ್ಸರ್ ಮಾತ್ರ ಅವರಲ್ಲೇ ಬೇಗ ಮರಳಿತ್ತು! ಸಂಖ್ಯೆ ಸುಧಾರಿಸಿತು, ರೋಗಿ ಸುಧಾರಿಸಲಿಲ್ಲ. ಇಂಥವೇ ಬೇರೆ ವರದಿಗಳೂ ಬಂದ ಮೇಲೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಜಾತಿಯ ಮದ್ದುಗಳ ಪೊಟ್ಟಣದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಕಡಿಮೆ ಹಿಮೋಗ್ಲೋಬಿನ್ ಎಷ್ಟೋ ಸಲ ಕಾಯಿಲೆ ಜೋರಾಗಿದೆ ಎಂಬುದರ ಗುರುತು. ಹೊಗೆಯನ್ನು ಬೀಸಣಿಗೆಯಿಂದ ಓಡಿಸಿದರೆ ಬೆಂಕಿ ಆರುವುದಿಲ್ಲವಲ್ಲ, ಹಾಗೆ.

ಎರಡನೆಯ ಸಾಕ್ಷಿ ಬಿಳಿ ರಕ್ತಕಣ. ಕ್ಯಾನ್ಸರ್ ಗಡ್ಡೆಯೊಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಖೋ 1863ರಲ್ಲೇ ಬರೆದಿದ್ದ. 1903ರಲ್ಲಿ ಲೈಪ್‌ಜಿಗ್‌ನ ಹೈನೆಕೆ ಎಕ್ಸ್-ರೇ ಬಿದ್ದ ಪ್ರಾಣಿಗಳಲ್ಲಿ ಮೊದಲು ನಾಶವಾಗುವುದು ಲಿಂಫೋಸೈಟ್ ಕಣಗಳ ಅಂಗಾಂಶ ಎಂದು ಕಂಡ. ಲಿಂಫೋಸೈಟ್ ಎಂದರೆ ಕ್ಯಾನ್ಸರ್ ಕೋಶವನ್ನು ಗುರುತಿಸಿ ಹೊಡೆಯಬಲ್ಲ ಪಡೆ. ಸೊಂಟಕ್ಕೆ ವಿಕಿರಣ ಕೊಡುವಾಗ ಅಲ್ಲಿನ ಮೂಳೆಯ ಮಜ್ಜೆಗೂ ಹರಿಯುವ ರಕ್ತಕ್ಕೂ ಅದು ತಾಗಿ ಈ ಪಡೆ ಕರಗುತ್ತದೆ. ಭಾವನ ಚೀಟಿಗಳಲ್ಲೂ ಅದು ಕಾಣುತ್ತದೆ, ವಾರದಿಂದ ವಾರಕ್ಕೆ ಲಿಂಫೋಸೈಟ್ ಇಳಿಯುತ್ತ ಹೋಗಿದೆ. ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಿಳಿ ಕಣವನ್ನು ಲಿಂಫೋಸೈಟಿನಿಂದ ಭಾಗಿಸಿದರೆ ಒಂದು ಅನುಪಾತ ಬರುತ್ತದೆ. ಅದು ಹೆಚ್ಚಿದ್ದರೆ ದೇಹದಲ್ಲಿ ಉರಿಯೂತ ಹೆಚ್ಚು, ಕಾದಾಡುವ ಪಡೆ ಕಡಿಮೆ ಎಂದು ಸ್ಥೂಲವಾಗಿ ಅರ್ಥ. ದೊಡ್ಡ ಕರುಳು-ಗುದನಾಳದ ಕ್ಯಾನ್ಸರಿನಲ್ಲಿ 2005ರಿಂದ ಈಚೆಗೆ ಈ ಅನುಪಾತದ ಮೇಲೆ ರಾಶಿ ರಾಶಿ ಲೇಖನಗಳು ಬಂದಿವೆ. 2010ರ ಸುಮಾರಿಗೆ ಟೋಕಿಯೋದ ವೈದ್ಯರು, ರಕ್ತದಲ್ಲಿ ಲಿಂಫೋಸೈಟ್ ಪಾಲು ಹೆಚ್ಚಿದ್ದವರ ಗುದನಾಳದ ಗಡ್ಡೆ ವಿಕಿರಣಕ್ಕೆ ಚೆನ್ನಾಗಿ ಕರಗಿದ್ದನ್ನು ವರದಿ ಮಾಡಿದರು.

ಅಗ್ಗದ ಪರೀಕ್ಷೆ, ಎಲ್ಲ ಲ್ಯಾಬುಗಳಲ್ಲೂ ಆಗುತ್ತದೆ. ಆಸೆ ಹುಟ್ಟುವುದು ಸಹಜ. ಆದರೆ ಗಮನಿಸಿ. ಎಷ್ಟಕ್ಕಿಂತ ಹೆಚ್ಚಾದರೆ ಕೆಟ್ಟದ್ದು ಎಂಬ ಗೆರೆ ಒಬ್ಬೊಬ್ಬರ ಲೇಖನದಲ್ಲಿ ಒಂದೊಂದು ಕಡೆ. ಸಾಮಾನ್ಯ ಜ್ವರ ಬಂದರೂ, ಹಲ್ಲಿನಲ್ಲಿ ಕೀವಾದರೂ, ಸ್ಟೀರಾಯ್ಡ್ ನುಂಗಿದರೂ ಈ ಅನುಪಾತ ಏರುತ್ತದೆ. ನೂರು ಜನರ ಗುಂಪಿಗೆ ನಿಜವಾದದ್ದು ನಿಮ್ಮ ಭಾವ ಒಬ್ಬನಿಗೆ ನಿಜವಾಗಲೇಬೇಕಿಲ್ಲ.

ಮೂರನೆಯ ಸಾಕ್ಷಿ ಸಿ.ಇ.ಎ., ನಾನು ಕೆಂಪು ಸುತ್ತು ಹಾಕುತ್ತಿದ್ದದ್ದು ಇದಕ್ಕೆ. ಇದರ ಜನ್ಮವೃತ್ತಾಂತ ಸೊಗಸಾಗಿದೆ. 1960ರ ದಶಕ, ಕೆನಡಾದ ಮಾಂಟ್ರಿಯಲ್. ಫಿಲ್ ಗೋಲ್ಡ್ ಎಂಬ ತರುಣ ಸಂಶೋಧಕ ಮತ್ತು ಅವನ ಮಾರ್ಗದರ್ಶಕ ಸ್ಯಾಮ್ಯುಯಲ್ ಫ್ರೀಡ್‌ಮನ್. ಕ್ಯಾನ್ಸರಿನಲ್ಲಿ ಮಾತ್ರ ಇರುವ ಪದಾರ್ಥ ಯಾವುದಾದರೂ ಇದೆಯೇ ಎಂದು ಹುಡುಕಬೇಕಿತ್ತು. ಒಬ್ಬರ ಕ್ಯಾನ್ಸರನ್ನು ಇನ್ನೊಬ್ಬರ ಆರೋಗ್ಯವಂತ ಅಂಗದೊಂದಿಗೆ ಹೋಲಿಸಿದರೆ ಆ ಇಬ್ಬರ ನಡುವಿನ ವ್ಯತ್ಯಾಸವೇ ಅಡ್ಡ ಬರುತ್ತದೆ. ದೊಡ್ಡ ಕರುಳಿನಲ್ಲಾದರೆ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜೊತೆ ಅದೇ ರೋಗಿಯ ಒಳ್ಳೆಯ ಕರುಳೂ ಒಂದಷ್ಟು ಉದ್ದ ಬರುತ್ತದೆ! ಅದನ್ನೇ ಹೋಲಿಕೆಗೆ ಇಟ್ಟುಕೊಂಡರು. ಕ್ಯಾನ್ಸರಿನಲ್ಲಿದ್ದು ಒಳ್ಳೆಯ ಕರುಳಿನಲ್ಲಿಲ್ಲದ ಒಂದು ಪದಾರ್ಥ ಸಿಕ್ಕಿತು. ಆಶ್ಚರ್ಯವೆಂದರೆ ಅದು ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲೂ ಇತ್ತು. ಹಾಗಾಗಿ ಕ್ಯಾನ್ಸರ್-ಭ್ರೂಣ ಎರಡನ್ನೂ ಸೂಚಿಸುವ ಹೆಸರು. ಪ್ರಕಟವಾದದ್ದು 1965ರಲ್ಲಿ.

ಇದು ರಕ್ತದಲ್ಲಿ ಇರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕ. ಅಳೆಯುವುದು ಹೇಗೆ? ನ್ಯೂಯಾರ್ಕಿನಲ್ಲಿ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ಇನ್ಸುಲಿನ್ ಅಳೆಯಲು ವಿಕಿರಣಶೀಲ ಅಯೋಡಿನ್ನನ್ನೇ ಗುರುತು ಮಾಡಿಕೊಂಡು ಒಂದು ವಿಧಾನ ರೂಪಿಸಿದ್ದರು. ಯಾಲೋಗೆ ಅದಕ್ಕೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ 1972ರಲ್ಲೇ ತೀರಿಕೊಂಡಿದ್ದ. ಮಾಂಟ್ರಿಯಲ್‌ನವರು ಈ ವಿಧಾನವನ್ನು ಸಿ.ಇ.ಎ.ಗೆ ಹೊಂದಿಸಿದರು. ಗಡ್ಡೆಯನ್ನು ಸುಡಲು ಹೊರಟ ವಿಕಿರಣವೇ ಗಡ್ಡೆಯ ಸುಳಿವು ಅಳೆಯುವುದಕ್ಕೂ ಒದಗಿತು ನೋಡಿ.

1969ರ ವರದಿ ಜಗತ್ತನ್ನೇ ಬೆರಗುಗೊಳಿಸಿತು. ದೊಡ್ಡ ಕರುಳು-ಗುದನಾಳದ ಕ್ಯಾನ್ಸರ್ ಇದ್ದ 36 ಮಂದಿಯಲ್ಲಿ 35 ಮಂದಿಯ ರಕ್ತದಲ್ಲಿ ಅದು ಕಂಡಿತ್ತು! ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ ಎಂದು ಎಲ್ಲರೂ ಕುಣಿದಾಡಿದರು. ಬೇರೆ ಆಸ್ಪತ್ರೆಗಳು ಪರೀಕ್ಷಿಸುತ್ತ ಹೋದ ಹಾಗೆ ಬಣ್ಣ ಇಳಿಯಿತು. ಆರಂಭದ ಹಂತದ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಅದು ಏರುವುದಿಲ್ಲ. ಬೀಡಿ-ಸಿಗರೇಟು ಸೇದುವವರಲ್ಲಿ, ಯಕೃತ್ತಿನ ಕಾಯಿಲೆಯವರಲ್ಲಿ, ಕರುಳಿನ ಉರಿಯೂತದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. 1980ರಲ್ಲಿ ಅಮೆರಿಕದ ತಜ್ಞರ ಸಭೆ ಇದನ್ನು ಕ್ಯಾನ್ಸರ್ ಹುಡುಕುವ ಪರೀಕ್ಷೆಯಾಗಿ ಬಳಸಬಾರದು ಎಂದಿತು. ಕ್ಯಾನ್ಸರ್ ಇದೆಯೆಂದು ಗೊತ್ತಾದವರಲ್ಲಿ ಅದರ ನಡೆಯನ್ನು ಹಿಂಬಾಲಿಸಲು ಮಾತ್ರ ಉಳಿಸಿಕೊಂಡರು.

ವಿಕಿರಣದ ವಿಷಯದಲ್ಲೂ ಸಿ.ಇ.ಎ.ಗೆ ಒಂದು ಮಾತು ಹೇಳಲಿದೆ. ಚಿಕಿತ್ಸೆಗೆ ಮೊದಲು ಅದು ಕಡಿಮೆ ಇದ್ದವರ ಗಡ್ಡೆ ಹೆಚ್ಚಾಗಿ ಕರಗುತ್ತದೆ ಎಂದು 2007ರಲ್ಲಿ ಟೆಕ್ಸಾಸಿನವರು ಬರೆದರು. ವಿಕಿರಣ ಮುಗಿದ ಮೇಲೆ 5ಕ್ಕಿಂತ ಕೆಳಗಿಳಿದರೆ ಒಳ್ಳೆಯ ಲಕ್ಷಣ ಎಂದು 2009ರಲ್ಲಿ ಬ್ರೆಜಿಲ್‌ನವರು ಬರೆದರು. ಭಾವನದು ಮೊದಲು 14 ಇತ್ತು. ಎಲ್ಲ ಚಿಕಿತ್ಸೆ ಮುಗಿದ ಮೇಲೆ 2.1. ಆ ದಿನ ನಾನು ಪರೇಲ್ ಸ್ಟೇಷನ್ನಿನ ಗದ್ದಲದಲ್ಲಿ ನಿಂತು ಅಕ್ಕನಿಗೆ ಫೋನಿನಲ್ಲಿ ಕೂಗಿ ಹೇಳಿದ್ದೆ, "ಎರಡು ಅಕ್ಕಾ, ಬರೀ ಎರಡು! ಗುಣ ಆಯ್ತು!" ವೈದ್ಯರು ಹಾಗೆ ಹೇಳಿರಲಿಲ್ಲ. ಹೇಳಿದ್ದು ನಾನು.

ಮೂರು ತಿಂಗಳಿಗೊಮ್ಮೆ ಪರೀಕ್ಷೆ ಎಂದಿದ್ದರು. ಮೂರು ವರ್ಷ ಅವರು ತಪ್ಪಿಸಲಿಲ್ಲ. 2012ರ ಜುಲೈಯಲ್ಲಿ ಒಂದು ತಪ್ಪಿತು. ಮಲೆನಾಡಿನವರಿಗೆ ಗೊತ್ತು, ಆ ತಿಂಗಳು ಅಡಿಕೆಗೆ ಕೊಳೆ ಔಷಧಿ ಹೊಡೆಯದಿದ್ದರೆ ವರ್ಷದ ಬೆಳೆ ಕೈಬಿಟ್ಟಂತೆ. ಮಳೆ ಬಿಡುವು ಕೊಟ್ಟ ನಾಲ್ಕು ದಿನದಲ್ಲಿ ಕೊನೆಗೌಡ ಸಿಗಬೇಕು, ಬೋರ್ಡೋ ದ್ರಾವಣ ತಯಾರಾಗಬೇಕು. "ಮುಂದಿನ ಸಲ ಹೋದ್ರಾಯ್ತು" ಅಂದದ್ದು ಅಕ್ಕ. ಅಕ್ಟೋಬರಿನಲ್ಲಿ ಬಂದಾಗ ಸಿ.ಇ.ಎ. 38. ಯಕೃತ್ತಿನಲ್ಲಿ ಮೂರು ನಾಲ್ಕು ಕಡೆ. 2013ರ ಡಿಸೆಂಬರಿನಲ್ಲಿ ಭಾವ ಹೋದ. ಆಮೇಲೆ ಅಕ್ಕನ ಬಾಯಲ್ಲಿ ಒಂದೇ ಮಾತು, "ಜುಲೈಯಲ್ಲಿ ಹೋಗಿದ್ರೆ ಉಳೀತಿದ್ರೇನೋ ತಮ್ಮಾ."

ಇಲ್ಲಿ ಚರಿತ್ರೆಯ ಒಂದು ಮರೆತುಹೋದ ಪುಟ ನನಗೆ ಸಿಕ್ಕಿತು. 1982ರಲ್ಲಿ ಬ್ರಿಟನ್ನಿನಲ್ಲಿ ಒಂದು ದಿಟ್ಟ ಪ್ರಯೋಗ ಶುರುವಾಗಿತ್ತು. ಶಸ್ತ್ರಚಿಕಿತ್ಸೆ ಆದ 1447 ಮಂದಿಯ ಸಿ.ಇ.ಎ.ಯನ್ನು ಮೇಲಿಂದ ಮೇಲೆ ಅಳೆಯುತ್ತಿದ್ದರು, ಆದರೆ ಫಲಿತಾಂಶವನ್ನು ಅವರ ಶಸ್ತ್ರವೈದ್ಯರಿಗೆ ಹೇಳುತ್ತಿರಲಿಲ್ಲ. ಸಂಖ್ಯೆ ಏರಿದವರು 216 ಮಂದಿ. ಚೀಟಿ ಎತ್ತಿ ಅರ್ಧ ಜನರ ವೈದ್ಯರಿಗೆ ತಕ್ಷಣ ತಿಳಿಸಿದರು, ಅವರು ಹುಡುಕಿ ಮತ್ತೆ ಶಸ್ತ್ರಚಿಕಿತ್ಸೆಗೆ ಮುಂದಾಗಬಹುದಿತ್ತು. ಉಳಿದ ಅರ್ಧಕ್ಕೆ ತಿಳಿಸಲಿಲ್ಲ, ಲಕ್ಷಣ ಕಂಡಾಗಲೇ ಚಿಕಿತ್ಸೆ. 1993ರಲ್ಲಿ ಪ್ರಯೋಗ ನಿಲ್ಲಿಸುವ ಹೊತ್ತಿಗೆ, ತಿಳಿಸಿದ 108 ಮಂದಿಯಲ್ಲಿ 91 ಸಾವು, ತಿಳಿಸದ 108ರಲ್ಲಿ 88 ಸಾವು. ಸಂಖ್ಯೆ ಬೇಗ ತಿಳಿದದ್ದರಿಂದ ಜೀವ ಉಳಿದಿರಲಿಲ್ಲ. ಈ ಫಲಿತಾಂಶ ಪೂರ್ತಿಯಾಗಿ ಅಚ್ಚಾಗದೆ ಇಪ್ಪತ್ತು ವರ್ಷ ಕಡತದಲ್ಲೇ ಉಳಿದಿತ್ತು. ಬೇರೆ ವೈದ್ಯರು ಅದನ್ನು ಹೊರತೆಗೆದು 2014ರಲ್ಲಿ ಪ್ರಕಟಿಸಿದರು.

ಇದನ್ನೇ ಹಿಡಿದು ಪರೀಕ್ಷೆ ಬಿಟ್ಟುಬಿಡಬೇಡಿ. ಆ ಪ್ರಯೋಗದ ಕಾಲದ ಸ್ಕ್ಯಾನ್, ಯಕೃತ್ತಿನ ಶಸ್ತ್ರಚಿಕಿತ್ಸೆ, ಔಷಧ ಎಲ್ಲವೂ ಈಗ ಬಹಳ ಬದಲಾಗಿವೆ. 2014ರಲ್ಲೇ ಬಂದ ಇನ್ನೊಂದು ಬ್ರಿಟಿಷ್ ಪ್ರಯೋಗದಲ್ಲಿ 1202 ರೋಗಿಗಳಿದ್ದರು. ನಿಯಮಿತವಾಗಿ ಸಿ.ಇ.ಎ. ನೋಡಿದವರಲ್ಲಿ ಮರುಕಳಿಸಿದ ಕಾಯಿಲೆಗೆ ಗುಣವಾಗುವ ಆಸೆಯಿಂದ ಶಸ್ತ್ರಚಿಕಿತ್ಸೆ ಸಾಧ್ಯವಾದದ್ದು ನೂರಕ್ಕೆ 6.7 ಮಂದಿಗೆ, ಲಕ್ಷಣ ಬಂದಾಗ ಮಾತ್ರ ನೋಡಿದವರಲ್ಲಿ 2.3 ಮಂದಿಗೆ. ಹಾಗಾಗಿ ಪರೀಕ್ಷೆಗೆ ಅರ್ಥ ಇದೆ. ಆದರೆ ಅಲ್ಲೂ ಒಟ್ಟು ಸಾವಿನ ಲೆಕ್ಕದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

2015ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಜಗಲಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದಳು. ಆ ಮೂರು ತಿಂಗಳಿಂದಲೇ ಭಾವ ಹೋದ ಅಂತ ಯಾವ ಲೆಕ್ಕವೂ ಹೇಳುವುದಿಲ್ಲ ಅಕ್ಕಾ, ಅಂದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರೆ ಔಷಧಿ ಹೊಡೆಸಿದ್ದು ನನ್ನ ತಪ್ಪಲ್ಲ ಅಂತೀಯಾ?" ಅಂದಳು. ಅಲ್ಲ ಅಂದೆ. ಕಣ್ಣು ಒರೆಸಿಕೊಂಡಳು. ಎದ್ದು ಒಳಗೆ ಹೋಗುವವಳು ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದಳು. "ಮತ್ತೆ ಆ ಎರಡು ವರ್ಷ ಕಬ್ಬಿಣದ ಮಾತ್ರೆ ತಿಂದದ್ದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. 56 ವರ್ಷದ ಗಂಡಸಿನ ಹಿಮೋಗ್ಲೋಬಿನ್ 9. ರಕ್ತ ಎಲ್ಲೋ ಸೋರುತ್ತಿದೆ ಎಂದು ಅಗ್ಗದ, ಹಳೆಯ, ಮೂಲೆಯ ಲ್ಯಾಬಿನಲ್ಲೂ ಆಗುವ ಪರೀಕ್ಷೆ 2007ರಲ್ಲೇ ಹೇಳಿತ್ತು. ಯಾವ ನ್ಯಾನೋಗ್ರಾಮೂ ಬೇಡ, ಯಾವ ಅನುಪಾತವೂ ಬೇಡ. ಎಲ್ಲಿ ಸೋರುತ್ತಿದೆ ಎಂದು ಯಾರೂ ಕೇಳಲಿಲ್ಲ. ವೈದ್ಯರು ಬೆರಳಿಟ್ಟು ನೋಡಲಿಲ್ಲ, ಭಾವ ನಾಚಿಕೆಯಿಂದ ಒತ್ತಾಯಿಸಲಿಲ್ಲ, ನಾನು ಮುಂಬಯಿಯಿಂದ ಫೋನಿನಲ್ಲಿ "ಮೂಲವ್ಯಾಧಿ ತಾನೆ, ಮಜ್ಜಿಗೆ ಕುಡೀರಿ" ಅಂದಿದ್ದೆ.

ಚರಿತ್ರೆ ಈಗ ಇನ್ನೂ ಮುಂದೆ ಹೋಗಿದೆ. ಬ್ರೆಜಿಲ್ಲಿನ ಆಂಜೆಲಿಟಾ ಹಾಬ್ರ್-ಗಾಮಾ ಎಂಬ ಶಸ್ತ್ರವೈದ್ಯೆ ವಿಕಿರಣ-ಕಿಮೋ ಮುಗಿದ ಮೇಲೆ ಗಡ್ಡೆ ಪೂರ್ತಿ ಮಾಯವಾದವರಿಗೆ ಕತ್ತರಿಸದೆ ಕಾದು ನೋಡಿದರು. 2004ರ ಅವರ ವರದಿಯಲ್ಲಿ 265 ರೋಗಿಗಳಲ್ಲಿ 71 ಮಂದಿ ಹೀಗೆ ಶಸ್ತ್ರಚಿಕಿತ್ಸೆ ಇಲ್ಲದೆ ನಿಗಾದಲ್ಲಿದ್ದರು. ಮೊದಲು ಜಗಳವಾಡಿದ ವೈದ್ಯಲೋಕ ಈಗ ಇದನ್ನು ಆಯ್ದವರಲ್ಲಿ ಒಪ್ಪಿಕೊಂಡಿದೆ. 2022ರಲ್ಲಿ ನ್ಯೂಯಾರ್ಕಿನಿಂದ ಬಂದ ವರದಿಯಲ್ಲಿ, ಡಿ.ಎನ್.ಎ. ರಿಪೇರಿಯ ಒಂದು ನಿರ್ದಿಷ್ಟ ದೋಷವಿದ್ದ 12 ಗುದನಾಳದ ಕ್ಯಾನ್ಸರ್ ರೋಗಿಗಳಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಔಷಧ ಮಾತ್ರ ಕೊಟ್ಟಿದ್ದರು. ವಿಕಿರಣವೂ ಇಲ್ಲ, ಶಸ್ತ್ರವೂ ಇಲ್ಲ, ಹನ್ನೆರಡೂ ಜನರ ಗಡ್ಡೆ ಮಾಯ. ಇಂಥ ದೋಷ ಇರುವವರು ಕೆಲವರು ಮಾತ್ರ, ಅದನ್ನು ತಿಳಿಸುವುದು ಗಡ್ಡೆಯ ತುಣುಕಿನ ಪರೀಕ್ಷೆ. ಇನ್ನು ರಕ್ತದಲ್ಲಿ ತೇಲುವ ಕ್ಯಾನ್ಸರಿನ ಡಿ.ಎನ್.ಎ. ಚೂರುಗಳನ್ನೇ ಹಿಡಿಯುವ ಪರೀಕ್ಷೆಯೂ ಬಂದಿದೆ. ಹೊಸ ಸಾಕ್ಷಿ, ಹೊಸ ಆಸೆ. 1969ರ 36ರಲ್ಲಿ 35 ನೆನಪಿರುವವರು ಇದನ್ನು ಸ್ವಲ್ಪ ತಾಳ್ಮೆಯಿಂದ ಕೇಳುತ್ತಾರೆ.

ಸಾಕ್ಷಿ ಹೇಳುವುದನ್ನು ಕೇಳಬೇಕು. ತೀರ್ಪನ್ನೂ ಅವನ ಬಾಯಿಂದಲೇ ಬಯಸಿದರೆ ನನ್ನ ಹಾಗೆ ಪರೇಲ್ ಸ್ಟೇಷನ್ನಿನಲ್ಲಿ ಕೂಗಾಡುತ್ತೀರಿ. ಅವನು ಬಂದು ಬಾಗಿಲು ತಟ್ಟಿದಾಗ ಕೇಳಿಸಿಕೊಳ್ಳದಿದ್ದರೆ ಅದು ಇನ್ನೂ ದೊಡ್ಡ ತಪ್ಪು. ಊರಿಂದ ಯಾರಾದರೂ ಫೋನು ಮಾಡಿ ಮಲದಲ್ಲಿ ರಕ್ತ ಹೋಗ್ತಿದೆ, ಸುಸ್ತು, ಮಾತ್ರೆ ಕೊಟ್ಟಿದ್ದಾರೆ ಅಂದರೆ ದಯವಿಟ್ಟು ಮಜ್ಜಿಗೆ ಕುಡಿಯಲು ಹೇಳಬೇಡಿ. ನಾಚಿಕೆ ಬಿಟ್ಟು ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸಿ ಅನ್ನಿ.

ಫೈಲನ್ನು ಮತ್ತೆ ಕಪಾಟಿನಲ್ಲೇ ಇಟ್ಟೆ. 2007ರ ಆ ಮೊದಲ ಚೀಟಿ, ಹಿಮೋಗ್ಲೋಬಿನ್ 9 ಎಂದಿರುವುದು, ಅದೂ ಅದರಲ್ಲಿದೆ. ಅದರ ಸುತ್ತ ಮಾತ್ರ ಕೆಂಪು ಗೆರೆ ಇರಲಿಲ್ಲ. ಮೊನ್ನೆ ಹಾಕಿದೆ.